‘ಗದ್ಯ ಕತ್ತರಿಸಿ ಸಾಲು ಮಾಡಿದರೆ ಕವಿತೆಯಾಗುತ್ತಾ?’: ಹೊಸ ಅರಬ್ ಕವಿಗಳು ಕೊಟ್ಟ ಉತ್ತರಗಳು

ಪ್ರಶ್ನೆ: ಕುವೈತ್‌ನಲ್ಲಿ 14 ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ವ್ಯವಹಾರಕ್ಕೆ ಸಾಕಾಗುವಷ್ಟು ಅರಬ್ಬಿ ಮಾತಾಡುತ್ತೇನೆ, ಓದುವುದು ಅಷ್ಟಕ್ಕಷ್ಟೆ. ದರ್ವೀಶ್, ಅದೋನಿಸ್, ನಿಝಾರ್ ಕಬ್ಬಾನಿ ಇವರನ್ನೆಲ್ಲ ಇಂಗ್ಲಿಷ್‌ನಲ್ಲಿ ಓದಿದ್ದೇನೆ. ನಮ್ಮ ಓದುಗರ ಬಳಗದಲ್ಲಿ ಹೊಸ ಅರಬ್ ಕಾವ್ಯದ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇನೆಂದು ಒಪ್ಪಿಕೊಂಡೆ. ಅಲ್ಲಿನ ಹಿರಿಯರೊಬ್ಬರು, ‘ಅರಬ್ಬರ ನಿಜವಾದ ಕಾವ್ಯ ಅಂದ್ರೆ ಹಳೇದು. ಇವರೆಲ್ಲ ಛಂದಸ್ಸು ಬಿಟ್ಟು ಯುರೋಪನ್ನು ನಕಲು ಹೊಡೆದವರು. ಗದ್ಯ ಕತ್ತರಿಸಿ ಸಾಲು ಮಾಡಿದರೆ ಕವಿತೆಯಾಗುತ್ತಾ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಓದುವಾಗ ನನಗೂ ಹಾಗೇ ಅನ್ನಿಸಿತ್ತು. ಕವಿತೆ ಅಂದರೆ ಏನು ಅಂತ ಈ ಕವಿಗಳು ತಿಳಿದಿದ್ದರು? ಎಲ್ಲಿಂದ ಶುರು ಮಾಡಲಿ? ಇನ್ನೊಂದು ಸಣ್ಣ ಅನುಮಾನ: ಅದೋನಿಸ್ ಗ್ರೀಕ್ ಹೆಸರಲ್ವಾ, ಅವರು ಅರಬ್ಬರೇ?

ಉತ್ತರ: ಆ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಇದೇ ಜಗಳ ಕೈರೋ, ಬಾಗ್ದಾದ್, ಬೈರೂತ್‌ಗಳಲ್ಲಿ ನೂರು ವರ್ಷದಿಂದ ನಡೆಯುತ್ತಿದೆ. ಆದರೆ ಅವರ ಒಂದು ಮಾತಿನೊಳಗೆ ಮೂರು ದೂರು ಸೇರಿಕೊಂಡಿವೆ. ಛಂದಸ್ಸು ಬಿಟ್ಟರು ಎನ್ನುವುದು ಬಹುಪಾಲು ತಪ್ಪು. ನಕಲು ಹೊಡೆದರು ಎನ್ನುವುದು ಅರ್ಧ ನಿಜ. ಗದ್ಯ ಕವಿತೆಯಾಗುತ್ತಾ ಎನ್ನುವ ಬಗ್ಗೆ ಅರಬ್ ಕವಿಗಳೇ ಇನ್ನೂ ರಾಜಿಯಾಗಿಲ್ಲ.

ಓದುವಾಗ ನಿಮಗೂ ಹಾಗೇ ಅನ್ನಿಸಿತು ಎಂದಿರಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ನೀವು ಓದಿದ್ದು ಅನುವಾದವನ್ನು. ಇಂಗ್ಲಿಷಿಗೆ ಬಂದ ಮೇಲೆ ಲಯ ಇರುವ ಕವಿತೆಯೂ ಲಯ ಬಿಟ್ಟ ಕವಿತೆಯೂ ಒಂದೇ ಥರ ಕಾಣುತ್ತವೆ. ನಾನೂ ಇದರಲ್ಲಿ ಮುಗ್ಗರಿಸಿದವನೇ. ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ ಪ್ಯಾಲೆಸ್ತೀನಿನ ಕವಿ ದರ್ವೀಶ್ ಬಗ್ಗೆ ತರಗತಿಯಲ್ಲಿ ‘ಇವರು ಛಂದಸ್ಸಿನ ಹಂಗು ಬಿಟ್ಟವರು’ ಎಂದುಬಿಟ್ಟೆ. ಹಿಂದಿನ ಬೆಂಚಿನ ಯೆಮನಿ ಹುಡುಗನೊಬ್ಬ ಏನೂ ಮಾತಾಡಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ಆ ಸಾಲುಗಳನ್ನೇ ಅರಬ್ಬಿಯಲ್ಲಿ ಹೇಳಿದ. ಒಂದು ತಟ್ಟೂ ತಪ್ಪಲಿಲ್ಲ. ನಾನು ಮಾತು ವಾಪಸ್ ತಗೊಂಡೆ.

ಹೊಸಬರು ಏನನ್ನು ಮುರಿದರು ಎಂದು ತಿಳಿಯಲು ಹಳೇದನ್ನು ಸ್ವಲ್ಪ ನೋಡಬೇಕು. 10ನೇ ಶತಮಾನದ ವಿಮರ್ಶಕ ಕುದಾಮ ಇಬ್ನ್ ಜಾಫರ್ ಕೊಟ್ಟ ವ್ಯಾಖ್ಯೆ ಸಾವಿರ ವರ್ಷ ಬಾಳಿತು: ಅಳತೆಯಿರುವ, ಪ್ರಾಸವಿರುವ, ಅರ್ಥ ಕೊಡುವ ಮಾತೇ ಕವಿತೆ. ಇಲ್ಲಿ ಪ್ರಾಸ ಎಂದರೆ ಅಂತ್ಯಪ್ರಾಸ, ‘ಕಾಫಿಯಾ’. ನಮ್ಮ ಗಜಲ್ ಬರೆಯುವವರು ದಿನಾ ಬಳಸುವ ಪದವೇ ಇದು. ಅಳತೆಯ ಲೆಕ್ಕವನ್ನು ಅದಕ್ಕೂ ಮೊದಲೇ, 8ನೇ ಶತಮಾನದಲ್ಲಿ, ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಕೂಡಿಸಿಟ್ಟಿದ್ದರು. ಅವರು ಗುರುತಿಸಿದ್ದು 15 ಛಂದಸ್ಸು, ಆಮೇಲೆ ಇನ್ನೊಂದು ಸೇರಿ 16 ಆಯಿತು. ಪದ್ಯದ ಒಂದು ಸಾಲಿಗೆ ಅರಬ್ಬಿಯಲ್ಲಿ ‘ಬೈತ್’ ಎನ್ನುತ್ತಾರೆ. ಬೈತ್ ಎಂದರೆ ಮನೆ, ಡೇರೆ. ಸಾಲಿನ ಎರಡು ಅರ್ಧಗಳಲ್ಲಿ ಒಂದೊಂದೂ ‘ಮಿಸ್ರಾ’, ಅಂದರೆ ಬಾಗಿಲಿನ ಒಂದು ರೆಕ್ಕೆ. ಒಂದೊಂದು ಸಾಲೂ ತನ್ನಷ್ಟಕ್ಕೆ ಒಂದು ಪೂರ್ತಿ ಮನೆ. ಅಂಥ 60, 80 ಮನೆಗಳು ಒಂದೇ ಛಂದಸ್ಸು, ಒಂದೇ ಕಾಫಿಯಾ ಹಿಡಿದು ಸಾಲಾಗಿ ನಿಂತರೆ ಅದು ಕಸೀದಾ.

ನನ್ನ ಲೆಕ್ಕದಲ್ಲಿ ಆಧುನಿಕರ ಇಡೀ ಜಗಳ ಈ ಮನೆಯ ಬಗ್ಗೆಯೇ. ಕವಿತೆಯನ್ನು ಯಾವುದರಿಂದ ಕಟ್ಟುವುದು? ಸಾಲಿನಿಂದಲೋ, ಗಣದಿಂದಲೋ, ಕಾಣ್ಕೆಯಿಂದಲೋ? ‘ಛಂದಸ್ಸು ಬೇಕೋ ಬೇಡವೋ’ ಎಂದು ಕೇಳುತ್ತ ಕೂತರೆ ಇದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಅಲುಗಾಡಿದ್ದು ರೂಪ ಅಲ್ಲ, ವ್ಯಾಖ್ಯೆ. ಈಜಿಪ್ಟಿನ ಕವಿ ಬಾರೂದಿ ಸೈನ್ಯದ ಅಧಿಕಾರಿಯೂ ಹೌದು. 1882ರ ಬಂಡಾಯ ಸೋತ ಮೇಲೆ ಬ್ರಿಟಿಷರ ಕಾಲದ ಸಿಲೋನಿನಲ್ಲಿ, ಅಂದರೆ ನಮ್ಮ ಪಕ್ಕದ ಶ್ರೀಲಂಕಾದಲ್ಲಿ, 17 ವರ್ಷ ಗಡೀಪಾರಾಗಿ ಕಳೆದರು. ಅವರು ಬರೆದದ್ದೆಲ್ಲ ಅಪ್ಪಟ ಹಳೇ ಶೈಲಿ. ಆದರೆ ತಮ್ಮ ಸಂಗ್ರಹದ ಮುನ್ನುಡಿಯಲ್ಲಿ ಕವಿತೆಯನ್ನು ಕಲ್ಪನೆಯ ಮಿಂಚು ಎಂದು ಕರೆದರು. ಅಳತೆ, ಪ್ರಾಸದಿಂದ ಮಾತು ಶುರು ಮಾಡಲಿಲ್ಲ. 1909ರಲ್ಲಿ ಈಜಿಪ್ಟಿನದೇ ಕವಿ ಅಬ್ದುರ್ರಹ್ಮಾನ್ ಶುಕ್ರಿ ಇನ್ನೂ ನೇರವಾಗಿ ಹೇಳಿದರು: ಕವಿತೆ ಎಂದರೆ ಒಳಗಿನ ಭಾವ. ಕವಿತೆಗೆ ಅರಬ್ಬಿಯಲ್ಲಿರುವ ‘ಶಿಅರ್’ ಎನ್ನುವ ಪದ ಹುಟ್ಟಿದ್ದೇ ಅರಿ, ಅನುಭವಿಸು ಎನ್ನುವ ಧಾತುವಿನಿಂದ. ಹಾಗಾಗಿ ಹೊರಗಿನಿಂದ ತಂದ ಮಾತು ಇದು ಎಂದು ಯಾರೂ ಅನ್ನುವ ಹಾಗಿರಲಿಲ್ಲ.

ದೊಡ್ಡ ಗಲಾಟೆ ಆದದ್ದು 1921ರಲ್ಲಿ. ಶುಕ್ರಿಯ ಗೆಳೆಯರಾದ ಅಬ್ಬಾಸ್ ಅಲ್-ಅಕ್ಕಾದ್ ಮತ್ತು ಮಾಝಿನಿ ಸೇರಿ ‘ಅದ್-ದೀವಾನ್’ ಎಂಬ ವಿಮರ್ಶಾ ಪುಸ್ತಕ ತಂದರು. ಗುರಿ ಅಹ್ಮದ್ ಶೌಕಿ. ಮುಂದೆ 1927ರಲ್ಲಿ ‘ಕವಿಗಳ ರಾಜಕುಮಾರ’ ಎಂದು ಪಟ್ಟ ಕಟ್ಟಿಸಿಕೊಂಡವರು ಇವರೇ. ಅಕ್ಕಾದ್ ಮಾಡಿದ ಕಿತಾಪತಿ ನೋಡಿ: ಶೌಕಿ ಬರೆದ ಒಂದು ಶೋಕಗೀತೆಯನ್ನು ತಗೊಂಡು ಅದರ ಸಾಲುಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲಸಿ ಬೇರೆ ಕ್ರಮದಲ್ಲಿ ಅಚ್ಚು ಹಾಕಿದರು. ಓದಿ ನೋಡಿ, ಏನಾದರೂ ಕೆಟ್ಟಿದೆಯಾ ಎಂದು ಕೇಳಿದರು. ಕೆಡದಿದ್ದರೆ ಅದು ಮರಳಿನ ರಾಶಿ, ಕವಿತೆಯಲ್ಲ. ಅಕ್ಕಾದ್ ಪ್ರಕಾರ ಕವಿತೆ ಜೀವಂತ ಮೈಯ ಹಾಗಿರಬೇಕು, ಕಣ್ಣಿನ ಜಾಗದಲ್ಲಿ ಕಿವಿ ಇಟ್ಟರೆ ನಡೆಯಬಾರದು. ಕವಿ ವಸ್ತುಗಳ ಬಣ್ಣ, ಆಕಾರ ಎಣಿಸುವವನಲ್ಲ, ಅವುಗಳ ತಿರುಳನ್ನು ಮುಟ್ಟುವವನು ಎಂದು ಶೌಕಿಗೇ ಪಾಠ ಹೇಳಿದರು. ಶೌಕಿಗೆ ಇದು ಅನ್ಯಾಯವೇ. ಒಂದೊಂದು ಸಾಲನ್ನೂ ಮನೆಯಾಗಿ ಕಟ್ಟುವ ಸಂಪ್ರದಾಯದವರಿಗೆ ಇಡೀ ಊರಿನ ನಕ್ಷೆ ಎಲ್ಲಿ ಎಂದು ಕೇಳಿದ ಹಾಗಾಯಿತು. ಆದರೂ ಆ ಪ್ರಶ್ನೆ ಮತ್ತೆ ಅಳಿಯಲಿಲ್ಲ.

ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಲೆಬನಾನ್, ಸಿರಿಯಾ ಕಡೆಯಿಂದ ವಲಸೆ ಹೋದವರ ಗುಂಪೊಂದಿತ್ತು. 1920ರಲ್ಲಿ ಅವರು ಕಟ್ಟಿದ ‘ಲೇಖನಿ ಸಂಘ’ಕ್ಕೆ ಖಲೀಲ್ ಗಿಬ್ರಾನ್ ಅಧ್ಯಕ್ಷರು, ಮಿಖಾಯಿಲ್ ನುಐಮಾ ಕಾರ್ಯದರ್ಶಿ. ನುಐಮಾ 1923ರ ‘ಜರಡಿ’ ಪುಸ್ತಕದಲ್ಲಿ, ಪ್ರಾರ್ಥನೆಗೆ ಗುಡಿಯೂ ವಿಧಿಯೂ ಹೇಗೆ ಕಡ್ಡಾಯವಲ್ಲವೋ ಹಾಗೇ ಕವಿತೆಗೆ ಛಂದಸ್ಸೂ ಪ್ರಾಸವೂ ಕಡ್ಡಾಯವಲ್ಲ ಎಂದರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಅಕ್ಕಾದ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇನ್ನು 1947. ಈಜಿಪ್ಟಿನಲ್ಲಿ ಕಾಲರಾ. ಬಾಗ್ದಾದಿನಲ್ಲಿದ್ದ ನಾಝಿಕ್ ಅಲ್-ಮಲಾಯಿಕಾ ಎಂಬ 24ರ ಹೆಣ್ಣುಮಗಳು ಸಾವಿನ ಸುದ್ದಿ ಕೇಳುತ್ತಿದ್ದರು. ಹೆಣದ ಗಾಡಿ ಎಳೆಯುವ ಕುದುರೆಗಳ ಗೊರಸಿನ ಸದ್ದು ಕವಿತೆಗೆ ಬರಬೇಕಿತ್ತು. ಎರಡು ರೆಕ್ಕೆಯ ಹಳೇ ಸಾಲು ಅದಕ್ಕೆ ಒಗ್ಗಲಿಲ್ಲ. ಅವರು ಗಣವನ್ನು ಉಳಿಸಿಕೊಂಡು ಅದರ ಎಣಿಕೆಯನ್ನು ಸಡಿಲ ಬಿಟ್ಟರು. ಒಂದು ಸಾಲಿಗೆ ಎರಡು ಗಣ, ಮುಂದಿನದಕ್ಕೆ ನಾಲ್ಕು, ಉಸಿರು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಸಾಲು ನಿಲ್ಲುತ್ತದೆ. ‘ಅಲ್-ಮೌತು, ಅಲ್-ಮೌತು, ಅಲ್-ಮೌತು’, ಸಾವು, ಸಾವು, ಸಾವು, ಎಂದು ಪಲ್ಲವಿ ಬಡಿಯುತ್ತದೆ. ಅದೇ ವರ್ಷದ ಕೊನೆಗೆ ಬಸ್ರಾ ಕಡೆಯ ಜೈಕೂರ್ ಹಳ್ಳಿಯ ಬದ್ರ್ ಶಾಕಿರ್ ಅಲ್-ಸಯ್ಯಾಬ್ ಅವರ ಸಂಗ್ರಹವೂ ಬಂತು, ಅದರಲ್ಲೂ ಇದೇ ಬಗೆಯ ಒಂದು ಕವಿತೆ. ಯಾರು ಮೊದಲು ಎಂಬ ಜಗಳದಲ್ಲಿ ಎಷ್ಟೋ ಶಾಯಿ ಖರ್ಚಾಗಿದೆ. ಇಬ್ಬರೂ ಬಾಗ್ದಾದಿನ ಒಂದೇ ಶಿಕ್ಷಕರ ಕಾಲೇಜಿನಲ್ಲಿ ಓದಿದವರು. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ.

ಲಯ ಎಲ್ಲೂ ಹೋಗಿಲ್ಲ ಎಂಬುದಕ್ಕೆ ಸಯ್ಯಾಬರ 1954ರ ‘ಮಳೆಯ ಹಾಡು’ ನೋಡಿ. ಲಘು ಗುರು ಗೊತ್ತಿರುವ ಕನ್ನಡದವರಿಗೆ ಇದು ಐದು ನಿಮಿಷದ ಕೆಲಸ. ಮೊದಲ ಸಾಲನ್ನು ಹೀಗೆ ಒಡೆಯಿರಿ:

ಐ-ನಾ-ಕಿ-ಗಾ / ಬ-ತಾ-ನ-ಖೀ / ಲಿನ್-ಸಾ-ಅ-ತಸ್ / ಸ-ಹರ್

ಎರಡನೆಯದು:

ಅವ್-ಶುರ್-ಫ-ತಾ / ನಿ-ರಾ-ಹ-ಯನ್ / ಆ-ಅನ್-ಹು-ಮಲ್ / ಕ-ಮರ್

ನಿನ್ನ ಕಣ್ಣುಗಳು ನಸುಕಿನ ಹೊತ್ತಿನ ಎರಡು ಖರ್ಜೂರದ ತೋಪು, ಇಲ್ಲವೇ ಚಂದ್ರ ದೂರ ಸರಿಯುತ್ತಿರುವ ಎರಡು ಬಾಲ್ಕನಿ ಎಂದು ಅರ್ಥ. ಮೊದಲ ಗಣ ಗುರು ಗುರು ಲಘು ಗುರು. ಎರಡನೆಯದರಲ್ಲಿ ಮೊದಲ ಗುರು ಲಘುವಾಗುತ್ತದೆ, ಮೂರನೆಯದರಲ್ಲಿ ಮತ್ತೆ ಗುರು. ಕೊನೆಗೆ ಒಂದು ತುಂಡು ಮಾತ್ರ ಉಳಿಯುತ್ತದೆ: ಲಘು ಗುರು. ಸಹರ್. ಕಮರ್. ಎರಡು ಸಾಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಅಳತೆ. ಈಗ ಕವಿತೆ ಉದ್ದಕ್ಕೂ ಬರುವ ಪಲ್ಲವಿ ಯಾವುದು ಗೊತ್ತಾ? ‘ಮತರ್, ಮತರ್, ಮತರ್’. ಮಳೆ, ಮಳೆ, ಮಳೆ. ಅದೂ ಲಘು ಗುರು. ಸಾಲಿನ ತುದಿಯಲ್ಲಿದ್ದ ತುಂಡೇ ಕಳಚಿ ಒಂದೊಂದು ಹನಿಯಾಗಿ ಕೆಳಗೆ ಬೀಳುತ್ತದೆ. ಇದೇ ಕವಿತೆಯಲ್ಲಿ ಮುಂದೆ, ಇರಾಕಿನಲ್ಲಿ ಹಸಿವಿಲ್ಲದ ಒಂದು ವರ್ಷವೂ ಕಳೆಯಲಿಲ್ಲ ಎಂಬ ಮಾತೂ ಬರುತ್ತದೆ. ಇಂಗ್ಲಿಷ್ ಅನುವಾದದಲ್ಲಿ ‘ಮಳೆ’ ಮೂರು ಸಲ ಬರುವುದು ಕಾಣಿಸುತ್ತದೆ. ಹನಿ ಎಲ್ಲಿಂದ ಕಳಚಿತು ಎಂಬುದು ಕಾಣುವುದಿಲ್ಲ.

ಅಂದಹಾಗೆ, ಸಯ್ಯಾಬ್ 1964ರಲ್ಲಿ ತೀರಿಕೊಂಡದ್ದು ನೀವಿದ್ದ ಕುವೈತ್‌ನಲ್ಲೇ, ಆಸ್ಪತ್ರೆಯಲ್ಲಿ. ಆಗ ವಯಸ್ಸು ಇನ್ನೂ 40 ಆಗಿರಲಿಲ್ಲ.

ಛಂದಸ್ಸನ್ನು ನಿಜವಾಗಿ ಕೈಬಿಟ್ಟವರು ಬೇರೆ ಗುಂಪು. 1957ರಲ್ಲಿ ಯೂಸುಫ್ ಅಲ್-ಖಾಲ್ ಬೈರೂತ್‌ನಲ್ಲಿ ‘ಶಿಅರ್’ ಪತ್ರಿಕೆ ಶುರು ಮಾಡಿದರು, ಅದೋನಿಸ್ ಜೊತೆಗಿದ್ದರು. 1959ರಲ್ಲಿ ಅದೋನಿಸ್ ಹೊಸ ಕವಿತೆಗೆ ವ್ಯಾಖ್ಯೆ ಕೊಡಲು ಹೊರಟು ಅದನ್ನು ‘ರುಅ್ಯಾ’ ಎಂದರು. ಕಾಣ್ಕೆ ಎನ್ನಬಹುದು. ಇರುವ ತಿಳುವಳಿಕೆಯ ಬೇಲಿ ಹಾರುವುದೇ ಕಾಣ್ಕೆಯ ಗುಣ ಎಂದು ಅವರ ವಾದ. ಮರುವರ್ಷ ಉನ್ಸಿ ಅಲ್-ಹಾಜ್ ‘ಲನ್’, ಅಂದರೆ ‘ಎಂದಿಗೂ ಇಲ್ಲ’, ಎಂಬ ಸಂಗ್ರಹ ತಂದರು. ಗದ್ಯದಿಂದ ಕವಿತೆ ಹುಟ್ಟೀತೇ ಎಂಬ ಪ್ರಶ್ನೆಯನ್ನು ಮುನ್ನುಡಿಯಲ್ಲಿ ಅವರೇ ಎತ್ತಿ, ಹುಟ್ಟುತ್ತದೆ ಎಂದು ಉತ್ತರಿಸಿದರು. ಆದರೆ ಅದು ಚಿಕ್ಕದಿರಬೇಕು, ಒಳಗಿನಿಂದ ಕೆಂಡದ ಹಾಗೆ ಕಾದಿರಬೇಕು, ಯಾವ ಉಪಯೋಗಕ್ಕೂ ಬರೆದದ್ದಾಗಿರಬಾರದು. ಈ ಮೂರು ಷರತ್ತು ಸುಝಾನ್ ಬೆರ್ನಾರ್ ಎಂಬ ಫ್ರೆಂಚ್ ವಿದ್ವಾಂಸೆಯ ಪುಸ್ತಕದಿಂದ ಬಂದದ್ದು. ನಿಮ್ಮ ಹಿರಿಯರು ‘ನಕಲು’ ಎಂದಾಗ ಅವರ ಕೈಗೆ ಸಿಗುವ ಗಟ್ಟಿ ಸಾಕ್ಷಿ ಇದೇ. ಮುಚ್ಚಿಡಬೇಡಿ, ಒಪ್ಪಿಕೊಳ್ಳಿ.

ಒಪ್ಪಿಕೊಂಡ ಮೇಲೆ ಎರಡು ಮಾತು ಹೇಳಿ. ಫ್ರೆಂಚ್ ಕವಿ ಬೋದಲೇರ್‌ನನ್ನು ಓದಿದ್ದರಿಂದಲೇ ತನಗೆ 8ನೇ ಶತಮಾನದ ಅಬೂ ನುವಾಸ್ ಎಷ್ಟು ಹೊಸಬ ಎಂದು ತಿಳಿಯಿತು, ಇನ್ನೊಬ್ಬ ಫ್ರೆಂಚ್ ಕವಿ ಮಲಾರ್ಮೆಯನ್ನು ಓದಿದ್ದರಿಂದ ಅಬೂ ತಮ್ಮಾಮ್ ಅರ್ಥವಾದ ಎಂದು ಅದೋನಿಸ್ ತಾವೇ ಬರೆದಿದ್ದಾರೆ. ಅಂದರೆ ಪ್ಯಾರಿಸ್ ಸುತ್ತಿಕೊಂಡು ಅಜ್ಜನ ಮನೆಗೆ ಬಂದರು. ಆ ಅಬೂ ತಮ್ಮಾಮ್ 9ನೇ ಶತಮಾನದವರು. ‘ಅರ್ಥವಾಗುವುದನ್ನು ಯಾಕೆ ಹೇಳುವುದಿಲ್ಲ?’ ಎಂದು ಒಬ್ಬ ಕೇಳಿದ್ದಕ್ಕೆ ‘ಹೇಳಿದ್ದನ್ನು ನೀನು ಯಾಕೆ ಅರ್ಥ ಮಾಡಿಕೊಳ್ಳುವುದಿಲ್ಲ?’ ಎಂದರಂತೆ. ಎರಡನೇ ಮಾತು ಮುಹಮ್ಮದ್ ಅಲ್-ಮಾಗೂತ್ ಬಗ್ಗೆ. ಸಿರಿಯಾದ ಬಡ ಮನೆಯ ಹುಡುಗ, ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಬರೆಯಲು ಶುರು ಮಾಡಿದ್ದು ಡಮಾಸ್ಕಸ್‌ನ ಮೆಜ್ಜೆ ಜೈಲಿನಲ್ಲಿ, ಸಿಗರೇಟು ಸುತ್ತುವ ಕಾಗದದ ಮೇಲೆ. ಮಾಗೂತರ ಸಾಲುಗಳನ್ನು ಅದೋನಿಸ್ ಹೆಸರು ಹೇಳದೆ ‘ಶಿಅರ್’ ಬಳಗದಲ್ಲಿ ಓದಿದಾಗ ಕೇಳಿದವರು ಬೋದಲೇರ್ ಇರಬೇಕು, ರಾಂಬೋ ಇರಬೇಕು ಎಂದರಂತೆ. ಆಮೇಲೆ ಮೂಲೆಯಲ್ಲಿ ಕೂತ ಹುಡುಗನನ್ನು ತೋರಿಸಿದರಂತೆ. ಛಂದಸ್ಸಿಲ್ಲದ ಕವಿತೆ ಅವರಿಗೆ ಫ್ರೆಂಚ್ ಪುಸ್ತಕದಿಂದ ಬಂದದ್ದಲ್ಲ.

ಈಗ ಅಕ್ಕಾದ್ ಕಡೆಗೆ ಬರೋಣ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಇದು. ಈಜಿಪ್ಟಿನ ಸಲಾಹ್ ಅಬ್ದುಸ್ಸಬೂರ್ ತಮ್ಮ ‘ದುಃಖ’ ಕವಿತೆಯಲ್ಲಿ, ಮಧ್ಯಾಹ್ನದ ಮೇಲೆ ಜೇಬಲ್ಲಿ ನಾಲ್ಕು ಕಾಸು ಇಟ್ಟುಕೊಂಡು ಬಂದೆ, ದಾರಿಯಲ್ಲಿ ಚಹಾ ಕುಡಿದೆ, ಚಪ್ಪಲಿ ಹೊಲಿಸಿಕೊಂಡೆ ಎಂದು ಬರೆದರು. ಚಹಾ, ಚಪ್ಪಲಿ ಎಲ್ಲ ಕವಿತೆಯೇ ಎಂದು ಜನ ಅವರನ್ನು ವರ್ಷಗಟ್ಟಲೆ ಗೇಲಿ ಮಾಡಿದರು. ಆಗ ಅಕ್ಕಾದ್ ಸರ್ಕಾರಿ ಕಾವ್ಯ ಸಮಿತಿಯ ಮುಖ್ಯಸ್ಥರು. ಇಂಥ ಕವಿತೆಗಳು ಮುಂದೆ ಬಂದರೆ ‘ಗದ್ಯ ಸಮಿತಿಗೆ ಕಳಿಸಿ’ ಎಂದು ಷರಾ ಬರೆಯುತ್ತಿದ್ದರು ಎಂಬುದು ಕೈರೋದಲ್ಲಿ ಇಂದಿಗೂ ಹೇಳುವ ಮಾತು. ಅವುಗಳಲ್ಲಿ ಗಣ ಇತ್ತು, ಲಯ ಇತ್ತು, ಆದರೂ! ಅವರಿಂದ ಏಟು ತಿಂದ ಇನ್ನೊಬ್ಬ ಯುವಕ ಅಬ್ದುಲ್ ಮುಅ್ತಿ ಹಿಜಾಝಿ. ಅವರು ಹಳೇ ಛಂದಸ್ಸಿನಲ್ಲೇ, ಒಂದೇ ಕಾಫಿಯಾ ಹಿಡಿದು, ಅಕ್ಕಾದರನ್ನು ಛೇಡಿಸುವ ಪದ್ಯ ಬರೆದು ಸೇಡು ತೀರಿಸಿಕೊಂಡರು.

ಇಲ್ಲಿಗೆ ಮುಗಿಯಲಿಲ್ಲ. 1962ರಲ್ಲಿ ನಾಝಿಕ್ ಒಂದು ವಿಮರ್ಶಾ ಪುಸ್ತಕ ಬರೆದು, ಹೊಸ ಕವಿತೆಗೆ ಇಂತಿಂಥ ಛಂದಸ್ಸೇ ಒಗ್ಗುತ್ತದೆ ಎಂದು ಕಟ್ಟು ಹಾಕಿದರು. ಗದ್ಯದಲ್ಲಿ ಬರೆದದ್ದನ್ನು ಕವಿತೆ ಎನ್ನುವವರ ಮೇಲೆ ಹರಿಹಾಯ್ದರು. ಅದೇ ಹಿಜಾಝಿ, ವಯಸ್ಸಾದ ಮೇಲೆ, 2008ರಲ್ಲಿ ಗದ್ಯಕವಿತೆಯನ್ನು ‘ಮೂಗ ಕವಿತೆ’ ಎಂದು ಕರೆದು ಪುಸ್ತಕವನ್ನೇ ಬರೆದರು. ತಾವು ಒಳಗೆ ಬಂದ ಬಾಗಿಲನ್ನು ಪ್ರತಿಯೊಬ್ಬರೂ ಹಿಂದೆ ಬರುವವರಿಗೆ ಹಾಕಿದರು. ಹಾಗೆಂದು ಇವರನ್ನು ಸಣ್ಣವರು ಎನ್ನಲಾರೆ. ಒಂದು ಗೋಡೆ ಕೆಡವಿದವರಿಗೆ ಉಳಿದ ಮೂರರ ಬೆಲೆ ಗೊತ್ತಿರುತ್ತದೆ.

ಕೊನೆಗೆ ಎಲ್ಲಿಂದ ಶುರು ಮಾಡುವುದು. ಕಬ್ಬಾನಿಯಿಂದ ಮಾಡಿದರೆ ಸುಲಭ. ಬೀದಿಯ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಒಂದು ಭಾಷೆ ಹುಡುಕಿದವರು ಅವರು. ಕವಿತೆ ಎಂದರೆ ಕುಣಿತ, ಅದರ ಬಗ್ಗೆ ಮಾತಾಡುವುದು ಎಂದರೆ ಹೆಜ್ಜೆ ಲೆಕ್ಕ ಹಾಕುವುದು, ನನಗೆ ಕುಣಿಯುವುದೇ ಇಷ್ಟ ಎಂಬರ್ಥದಲ್ಲಿ ಬರೆದಿದ್ದಾರೆ. ಅಪಾಯ ಏನೆಂದರೆ ಬಳಗದವರು ‘ಪ್ರೇಮಕವಿ’ ಎಂದು ಮಡಚಿಟ್ಟುಬಿಡುತ್ತಾರೆ, 1967ರಲ್ಲಿ ಇಸ್ರೇಲ್ ಎದುರು ಅರಬ್ಬರಿಗಾದ ಸೋಲಿನ ಮೇಲೆ ಬರೆದ ಕಹಿ ಸಾಲುಗಳತ್ತ ಹೋಗುವುದೇ ಇಲ್ಲ. ದರ್ವೀಶ್‌ರಿಂದ ಶುರು ಮಾಡಿದರೆ ಎಲ್ಲರೂ ರಾಜಕೀಯ ಮಾತಾಡುತ್ತಾರೆ. 1969ರಷ್ಟು ಹಿಂದೆಯೇ ಅವರು ‘ಈ ಕ್ರೂರ ಪ್ರೀತಿಯಿಂದ ನಮ್ಮನ್ನು ಉಳಿಸಿ’ ಎಂದು ಬರೆದಿದ್ದರು. ಪ್ಯಾಲೆಸ್ತೀನಿನವರು ಬರೆದದ್ದು ಎಂಬ ಒಂದೇ ಕಾರಣಕ್ಕೆ ಹೊಗಳಬೇಡಿ ಎಂಬ ಅಳಲು ಅದು. ಅವರ 2005ರ ಸಂಗ್ರಹ ತೆರೆಯುವುದೇ ಹಳೇ ಲೇಖಕ ತೌಹೀದಿಯ ಮಾತಿನಿಂದ: ಗದ್ಯದಂತೆ ಕಾಣುವ ಪದ್ಯಕ್ಕೂ ಪದ್ಯದಂತೆ ಕಾಣುವ ಗದ್ಯಕ್ಕೂ ನಡುವೆ ನಿಲ್ಲುವ ಮಾತೇ ಚೆನ್ನ. ನಿಮ್ಮ ಹಿರಿಯರಿಗೆ ಇದನ್ನು ಖಂಡಿತ ಓದಿ ಹೇಳಿ. ಅದೋನಿಸ್‌ರಿಂದ ಮಾತ್ರ ಶುರು ಮಾಡಬೇಡಿ. ಅರ್ಧ ಗಂಟೆಯೂ ವಿವರಣೆಗೇ ಹೋಗುತ್ತದೆ, ಕವಿತೆಗೆ ಸಮಯ ಉಳಿಯುವುದಿಲ್ಲ.

ಕವಿಗಳು ಕಾವ್ಯದ ಬಗ್ಗೆ ಬರೆದ ಗದ್ಯವನ್ನು ಓದಿ, ಆದರೆ ಸ್ವಲ್ಪ ಅನುಮಾನ ಇಟ್ಟುಕೊಂಡು. ಅವರು ಕೊಡುವ ವ್ಯಾಖ್ಯೆ ಬಹಳ ಸಲ ಅವರದೇ ಕವಿತೆಯ ವಕಾಲತ್ತು. ನಿಮ್ಮ ಕೊಲ್ಲಿಯ ಅರಬ್ಬಿ ಉಚ್ಚಾರಕ್ಕೆ ನೆರವಾಗುತ್ತದೆ, ಅರ್ಥಕ್ಕೆ ಜಾಸ್ತಿ ನೆಚ್ಚಬೇಡಿ. ಸಂತೆಯ ಮಾತೇ ಬೇರೆ, ಕವಿತೆಯ ಭಾಷೆಯೇ ಬೇರೆ. ದರ್ವೀಶ್ ಓದಿದ ಧ್ವನಿಮುದ್ರಣಗಳು ಸುಲಭವಾಗಿ ಸಿಗುತ್ತವೆ. ಅರ್ಥವಾಗದಿದ್ದರೂ ಎರಡು ನಿಮಿಷ ಕೇಳಿಸಿ.

ನಾನಾಗಿದ್ದರೆ ಸಯ್ಯಾಬರ ಆ ಎರಡು ಸಾಲನ್ನು ಬೋರ್ಡಿನ ಮೇಲೆ ಬರೆದು ಹಿರಿಯರ ಕೈಯಲ್ಲೇ ಲಘು ಗುರು ಹಾಕಿಸುತ್ತಿದ್ದೆ. ಗೋವಿಂದ ಪೈಗಳು 1911ರಲ್ಲಿ ಎರಡನೇ ಅಕ್ಷರದ ಪ್ರಾಸ ಬಿಟ್ಟಾಗ ಇಲ್ಲೂ ಕೂಗಾಡಿದವರಿದ್ದರು. ಅದು ಅವರಿಗೂ ಗೊತ್ತಿರುತ್ತದೆ.

ಅದೋನಿಸ್ ಅಪ್ಪಟ ಅರಬ್ಬರೇ. ಸಿರಿಯಾದ ಕಸ್ಸಾಬೀನ್ ಎಂಬ ಹಳ್ಳಿಯಲ್ಲಿ 1930ರಲ್ಲಿ ಹುಟ್ಟಿದರು, ಹೆಸರು ಅಲಿ ಅಹ್ಮದ್ ಸಯೀದ್. ಹದಿಹರೆಯದಲ್ಲಿ ಪತ್ರಿಕೆಗಳಿಗೆ ಕವಿತೆ ಕಳಿಸುತ್ತಿದ್ದರು, ಯಾರೂ ಹಾಕುತ್ತಿರಲಿಲ್ಲ. ಸಿಟ್ಟು ಬಂದು ಅದೋನಿಸ್ ಎಂದು ಸಹಿ ಹಾಕಿ ಕಳಿಸಿದರು. ಅಚ್ಚಾಯಿತು.